ಒಂದು ತೋಳು ಉದ್ದದ ಕೋಟು

ಶಹಾಬಾದಿನ ನಮ್ಮ ಓಣಿಯ ದರ್ಜಿಗೆ ತನ್ನ ಟೇಪಿಗಿಂತ ಮಕ್ಕಳ ಚಿತ್ರದ ಮೇಲೆಯೇ ನಂಬಿಕೆ. ಮಗಳ ಚಳಿಗಾಲದ ಕೋಟಿಗೆ ಬಣ್ಣ ಗೊತ್ತಾಗಲಿ ಎಂದು ಅವಳೇ ಬಿಡಿಸಿದ ಚಿತ್ರ ಕೊಟ್ಟರೆ, ಆ ಪುಣ್ಯಾತ್ಮ ಎಡತೋಳನ್ನು ಬಲತೋಳಿಗಿಂತ ಗೇಣುದ್ದ ಹೆಚ್ಚು ಹೊಲಿದಿಟ್ಟಿದ್ದ.

“ಇದೇನ್ರಿ ಮಾಸ್ಟರ್?” ಎಂದು ರೇಗಿದೆ.

“ಚಿತ್ರದಾಗ ಹಂಗೇ ಅದರಿ.”

“ಕತ್ತರಿಸಿ ಕೊಡ್ರಿ!”

ಅವನು ಕತ್ತರಿಯನ್ನೇ ತೊಡೆಯ ಕೆಳಗೆ ಅಡಗಿಸಿಕೊಂಡ. “ಚಿತ್ರದಾಗ ಹಂಗೇ ಅದರಿ.”

ಮರುದಿನ ಶಾಲೆಯ ದಾರಿಯಲ್ಲಿ ಕಲ್ಲು ಕೊಯ್ಯುವ ಯಂತ್ರಗಳ ಧೂಳು ಎದುರಾದದ್ದೇ, ಮಗಳು ಆ ಉದ್ದ ತೋಳನ್ನು ಮೂಗಿಗೆ ಒತ್ತಿಕೊಂಡು ಸರಸರ ನಡೆದುಬಿಟ್ಟಳು. ಕೆಮ್ಮುತ್ತ ಹಿಂದೆ ಉಳಿದವಳು ನಾನು.

ಸಂಜೆ ದರ್ಜಿಯ ಹತ್ತಿರ ಹೋಗಿ, ನನಗೂ ಅಂಥದ್ದೇ ಕೋಟು ಬೇಕೆಂದೆ.

ಅವನು ಕನ್ನಡಕ ಹಣೆಗೇರಿಸಿ ಕೈ ಚಾಚಿದ. “ನೀವು ಬಿಡಿಸಿದ ಚಿತ್ರ ಎಲ್ಲಿ ಅದರಿ?”