ಕಂದಕ ಮತ್ತು ಮದುವೆಯ ಕಾರುಗಳು

ಕೊರೊನಾ ಮುಗಿದ ಮರುವರ್ಷ ನಾನು ಒಮಾನಿನ ರುಸ್ತಾಕ್ ಹತ್ತಿರ ಆರ್ಕಿಯಾಲಜಿಯವರ ಕ್ಯಾಂಪಿನಲ್ಲಿ ಅಡುಗೆಯವಳು. ಆರ್ಕಿಯಾಲಜಿ ಎಂದರೆ ನೆಲ ಅಗೆದು ಹಿಂದಿನವರ ಬದುಕು ತಿಳಿಯುವುದು. ಅವರು ಅಗೆಯುತ್ತಿದ್ದದ್ದು ಮಣ್ಣಿನ ಒಂದು ಹಳೆಯ ಮನೆ, ಸುತ್ತ ಕಂದಕ. ಮುಖ್ಯಸ್ಥೆ ಇಂಗ್ಲೆಂಡಿನ ಡಾಕ್ಟರಮ್ಮ. ಇಂಜೆಕ್ಷನ್ ಕೊಡುವ ಡಾಕ್ಟರಲ್ಲ. ಅವರ ಹಳ್ಳಿಯಲ್ಲೂ ಇಂಥ ಮನೆ ಇದೆಯಂತೆ, ಕಂದಕದಲ್ಲಿ ನೀರು, ನೀರಿನಲ್ಲಿ ಬಾತುಕೋಳಿ. ಇಲ್ಲಿಯದರಲ್ಲಿ ಆಡು ಮಲಗುತ್ತಿತ್ತು. ಮನೆಯವರು ಎಸೆದದ್ದೆಲ್ಲ ಕಂದಕದ ತಳದಲ್ಲಿರುತ್ತದೆ, ಮನೆಯ ವಯಸ್ಸು ತಿಳಿಯುವುದು ಅಲ್ಲಿಯೇ.

ಅರ್ಧ ಅಗೆದಿದ್ದರು. ಜಾಗದ ಯಜಮಾನ ಖಲ್ಫಾನ್ ಬಂದು, ಮಗಳ ಮದುವೆಗೆ ಕಾರು ನಿಲ್ಲಿಸಲು ಜಾಗ ಬೇಕು, ಕಂದಕ ಮುಚ್ಚಿಸುತ್ತೇನೆ, ಖಲಾಸ್ ಎಂದ.

ಡಾಕ್ಟರಮ್ಮ ಬೇಡಿಕೊಳ್ಳಲು ಅವನ ಮನೆಗೆ ಹೋದರು. ದೊಡ್ಡವರೆಂದು ಮಜ್ಲಿಸ್‌ನಲ್ಲಿ, ಅಂದರೆ ಗಂಡಸರು ಕೂರುವ ಚಾವಡಿಯಲ್ಲಿ, ಕೂರಿಸಿದರು. ಒಮಾನಿಗೆ ಅವರು ಹೊಸಬರು. ಕಾಫಿ ಮುಗಿಯುವ ಮೊದಲು ಕೆಲಸದ ಮಾತು ಎತ್ತಬಾರದೆಂದು ಯಾರೋ ಹೇಳಿದ್ದರು. ಸಾಕಾದರೆ ಕಪ್ ಅಲ್ಲಾಡಿಸಬೇಕೆಂದು ಹೇಳಿರಲಿಲ್ಲ. ಅಲ್ಲಾಡಿಸದವರಿಗೆ ಬಗ್ಗಿಸುತ್ತಲೇ ಇರುತ್ತಾರೆ. ಹೊಟ್ಟೆ ತುಂಬ ಕಾಫಿ ಕುಡಿದು, ಮಾತೇ ಎತ್ತದೆ ಬಂದರು. ಬಂದು ಅತ್ತರು.

ಸರ್ವೆ ಮಾಡುವ ಪಾಟೀಲ, ಧಾರವಾಡದವನು, ನನ್ನ ಒಲೆಯ ಹತ್ತಿರ ಬಂದ.

"ನೀವ ಹೋಗ್ರಿ ಅಕ್ಕಾರ. ಹೆಂಗಸರ ಕಡೆ ನಮ್ಮನ್ನ ಬಿಡೂದಿಲ್ಲ."

"ನಾನು ಅಡಿಗೆಗೆ ಬಂದದ್ದು ಮಾರಾಯ, ಪಂಚಾತಿಕೆಗಲ್ಲ."

ಆದರೂ ಗೋಳಿಬಜೆ ಕರಿದು ಡಬ್ಬಿಗೆ ತುಂಬಿ, ಡಾಕ್ಟರಮ್ಮನನ್ನು ಎಳೆದುಕೊಂಡು ಖಲ್ಫಾನನ ಮನೆಯ ಹಿಂದಿನ ಬಾಗಿಲಿಗೆ ಹೋದೆ.

ಅಲ್ಲಿ ಖಲ್ಫಾನನ ತಾಯಿ ಕೂತಿದ್ದಳು, ನನಗಿಂತ ಮುದುಕಿ. ಬಜೆ ಹಿಡಿಸಿತು. ನನ್ನ ಮುರುಕು ಅರಬಿಯಲ್ಲಿ ನೇರ ಕೇಳಿದೆ, ನಿಮ್ಮ ಮಗ ಕಂದಕ ಮುಚ್ಚಿಸುವುದು ಗೊತ್ತುಂಟಾ ಎಂದು.

ಗೊತ್ತಿರಲಿಲ್ಲ. ಬಜೆ ಜಗಿಯುತ್ತಿದ್ದ ಬಾಯಿ ನಿಂತಿತು. ಆಕೆ ಮದುಮಗಳಾಗಿ ಆ ಹಳೆಯ ಮಣ್ಣಿನ ಮನೆಗೆ ಬಂದದ್ದು ಖರ್ಜೂರದ ಕಾಂಡ ಅಡ್ಡ ಹಾಕಿದ ಸಂಕದ ಮೇಲೆ, ಅದೇ ಕಂದಕ ದಾಟಿ. ಮಗನನ್ನು ಕರೆಸಿದಳು. ಕೂರು ಎನ್ನಲಿಲ್ಲ.

"ನನ್ನ ಮೊಮ್ಮಗಳೂ ಆ ಸಂಕ ದಾಟಿಯೇ ಹೋಗುವವಳು. ಕಾರು ಬೇಕಾದರೆ ನಿನ್ನ ತಲೆಯ ಮೇಲೆ ನಿಲ್ಲಿಸು. ಖಲಾಸ್."

"ಆಗಲಿ ಉಮ್ಮಾ," ಎಂದು ಅವನು ಬಜೆಗೆ ಕೈ ಹಾಕಿದ.

ಮದುವೆಯ ಕಾರುಗಳು ನಮ್ಮ ಕ್ಯಾಂಪಿನ ಅಂಗಳದಲ್ಲಿ ನಿಂತವು, ಒಂದು ನನ್ನ ಒಲೆಗೇ ತಾಗಿ. ಹುಡುಗಿ ಮೆಹಂದಿಯ ಕಾಲಿನಲ್ಲಿ, ಅಜ್ಜಿ ಮತ್ತೆ ಹಾಕಿಸಿದ ಸಂಕ ದಾಟುವಾಗ ಹೆಂಗಸರು ನಾಲಗೆ ಆಡಿಸಿ ಕೂಗು ಹಾಕಿದರು. ಡಾಕ್ಟರಮ್ಮ ಮಣ್ಣಿನ ಬೂಟಿನಲ್ಲೇ ಕುಣಿದರು. ಕುಣಿತ ಅವರಿಗೆ ಬರುವುದಿಲ್ಲ.

ಆಮೇಲೆ ಕಂದಕದ ತಳದಲ್ಲಿ ಅವರಿಗೆ ಬೇಕಾದ ಮಡಕೆ ಚೂರು ಸಿಕ್ಕಿತು. ನೂರಾರು ವರ್ಷದ್ದಂತೆ. ನೋಡಲಿಕ್ಕೆ ನನ್ನ ಮೀನು ಸಾರಿನ ಪಾತ್ರೆಯ ಹಾಗೆಯೇ, ಮಸಿ ಸಮೇತ.

ಕೆಲಸ ನನಗೆ ಕಲಿಸಿದ್ದು ಇಷ್ಟು: ಯಜಮಾನ ಮಜ್ಲಿಸ್‌ನಲ್ಲಿ ಇಲ್ಲ ಎಂದರೆ, ಮನೆಯ ಮುದುಕಿ ಏನೆನ್ನುತ್ತಾಳೆ ಕೇಳಿ. ಬರಿಗೈಯಲ್ಲಿ ಹೋಗಬೇಡಿ.