ಮಾವನ ಕಣ್ಣೀರಿಗೆ ಸಾಕ್ಷಿ ಸಾಲದು

ನಮ್ಮ ನೆಂಟರೆಲ್ಲ ಹೇಳುವ ಕಥೆ ಹೀಗಿದೆ: ಕೋಡಿಹಳ್ಳಿಯ ನನ್ನ ಸೋದರಮಾವ ಸಾವಿನ ಬಾಗಿಲು ತಟ್ಟಿ ವಾಪಸ್ ಬಂದ, ದೇವರು ಒಳ್ಳೇ ಬುದ್ಧಿ ಕೊಟ್ಟ, ಒಂಬತ್ತು ವರ್ಷ ಮಾತುಬಿಟ್ಟಿದ್ದ ತಂಗಿಯ ಮುಂದೆ ಅತ್ತು ತಪ್ಪೊಪ್ಪಿಕೊಂಡ. ಕೇಳೋಕೆ ಸೊಗಸಾಗಿದೆ. ಆದರೆ ಮಾವನಿಗೆ ಆದದ್ದು ಜ್ಞಾನೋದಯವಲ್ಲ, ಸ್ಟ್ರೋಕು.

ಜಗಳ ಶುರುವಾದದ್ದು ಅವನ ಮಗಳ ಬೀಗರೂಟದಲ್ಲಿ. ಹೊಸ ಬೀಗರ ಎದುರಿಗೇ ನಮ್ಮಮ್ಮ "ಮಾಂಸ ಇನ್ನೊಸಿ ಬೇಯ್ಬೇಕಿತ್ತು" ಅಂದಳು. ಮಾವ ಅವಳನ್ನು ಎಲೆ ಮುಂದಿನಿಂದ ಎಬ್ಬಿಸಿ ಕಳಿಸಿದ. (ನಾನೂ ತಿಂದಿದ್ದೆ. ಬೇಯಬೇಕಿತ್ತು.) ಅಂದಿನಿಂದ ಗೌರಿ ಹಬ್ಬಕ್ಕೆ ತವರಿನ ಬಾಗಿನ ನಿಂತಿತು. ಪ್ರತಿ ವರ್ಷ ಆ ದಿನ ಅಮ್ಮ ಮಾಗಡಿಯ ನಮ್ಮ ಬೀದಿಯನ್ನು ನೋಡುತ್ತಾ ನಿಲ್ಲುತ್ತಿದ್ದಳು. ಕೇಳಿದರೆ, ಹಾಲಿನವನಿಗೆ ಕಾಯ್ತಿದ್ದೀನಿ ಅನ್ನುತ್ತಿದ್ದಳು.

ಈ ವರ್ಷ ಮಾವ ಮಗನ ಬೈಕಿನ ಹಿಂದೆ ಕೂತು, ಮೊರದ ಬಾಗಿನ ತಬ್ಬಿಕೊಂಡು ಬಂದೇಬಿಟ್ಟ. "ತಂಗ್ಯವ್ವ, ತಪ್ಪಾಯ್ತು" ಅಂತ ಗೊಳೋ ಅಂದ. ಅಮ್ಮನೂ ಅತ್ತಳು. ಮುಂದಿನ ಭಾನುವಾರ ತವರಿಗೆ ಬರುತ್ತೇನೆಂದು ಒಪ್ಪಿದಳು, ಅಣ್ಣ ಪೂರ್ತಿ ವಾಸಿಯಾಗಲಿ ಅಂತ ಹರಕೆಯನ್ನೂ ಹೊತ್ತಳು.

ಹೊರಗೆ ಅವನ ಮಗ ನನ್ನ ಕಿವಿಯಲ್ಲಿ ಹೇಳಿದ: "ಬಾಗಿನದ ಬಳೇಲಿ ಅರ್ಧ ಇಲ್ಲ ಕಣ್ಲಾ. ಅಪ್ಪ ಬಸ್ ಸ್ಟ್ಯಾಂಡ್ ಹತ್ರ ಸೊಪ್ಪು ಮಾರೋ ಹೆಂಗಸಿಗೆ ಕೊಟ್ಬುಟ್ಟ. ಅವಳ ಮುಂದೇನೂ ಹಿಂಗೇ, ತಂಗ್ಯವ್ವ ತಪ್ಪಾಯ್ತು ಅಂತ ಅತ್ತ. ಆಯಮ್ಮ ಹೆದರ್ಕೊಂಡು ಎರಡು ಕಟ್ಟು ದಂಟಿನ ಸೊಪ್ಪು ಸುಮ್ನೆ ಕೊಟ್ಳು."

ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿದೆ, ಅಳು ನಗು ಹಿಡಿತದಲ್ಲಿರಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರಂತೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಇದಕ್ಕಿಂತ ದುರ್ಬಲ ಸಾಕ್ಷ್ಯ ಇಟ್ಟುಕೊಂಡು ಗೆದ್ದಿದ್ದೇನೆ. ಮಾವ ಹೋದದ್ದೇ ತಡ, ಅಮ್ಮನಿಗೆ ಸೊಪ್ಪಿನವಳ ಕಥೆ ಹೇಳಿ ವಾದ ಮಂಡಿಸಿದೆ. "ಅದು ಪಶ್ಚಾತ್ತಾಪ ಅಲ್ಲಮ್ಮ. ಮೆದುಳಲ್ಲಿ ಬ್ರೇಕು ಕೆಟ್ಟೈತೆ, ಅಷ್ಟೇ. ತಪ್ಪು ಒಪ್ಕೊಂಡಿದ್ದು ಮಾವ ಅಲ್ಲ, ಅವನ ಕಾಯಿಲೆ."

ಅಮ್ಮ ದಂಟು ಸೋಸುತ್ತಲೇ ಕೇಳಿದಳು: "ಎಲೆ ಮುಂದಿಂದ ಎಬ್ಬಿಸ್ದಾಗ?"

"ಆಗ ಅವನೇ."

"ಆಗ ಅವನ ತಲೇಲಿ ಮೆದುಳು ಇರ್ಲಿಲ್ವೇನ್ಲಾ? ಸಿಟ್ಟು ಮಾಡಿದ್ದು ಅವನು, ಅತ್ತಿದ್ದು ಕಾಯಿಲೆ. ಬೋ ಚೆಂದಾಗೈತೆ ನಿನ್ನ ನ್ಯಾಯ!"

ತೀರ್ಪುಗಾರರು ಯಾರೂ ಇರಲಿಲ್ಲ, ಆದರೂ ಸೋತದ್ದು ಗೊತ್ತಾಯಿತು. ಕೋಪವೂ ನರಗಳದೇ ಕೆಲಸ, ಅಳುವೂ ಅದೇ. ಯಾವುದು 'ನಿಜವಾದ ಮಾವ' ಅಂತ ಆರಿಸಿದ್ದು ನಾನು, ಅದೂ ನನಗೆ ಬೇಕಾದ ಹಾಗೆ.

ಭಾನುವಾರ ರಾಮನಗರದ ಬಸ್ಸು ಹತ್ತಿದೆವು, ಅಲ್ಲಿಂದ ಕನಕಪುರ, ಕೋಡಿಹಳ್ಳಿ. ಕೂತ ಮೇಲೆ ಅತ್ತೆಯ ಫೋನ್ ಬಂತು. ಹೊಸ ಮಾತ್ರೆ ಕೆಲಸ ಮಾಡುತ್ತಿದೆಯಂತೆ: ಮೂರು ದಿನದಿಂದ ಮಾವ ಅತ್ತಿಲ್ಲ, ಬೆಳಿಗ್ಗೆ ಕಾಫಿಗೆ ಸಕ್ಕರೆ ಕಮ್ಮಿ ಅಂತ ಲೋಟ ಎಸೆದನಂತೆ. "ಮೊದಲಿನಂಗೇ ಆಯ್ತಾವ್ನೆ" ಅಂತ ಅತ್ತೆಗೆ ಖುಷಿ. ಅಮ್ಮ ಫೋನಿಟ್ಟು, ಮಡಿಲಲ್ಲಿದ್ದ ಹಣ್ಣಿನ ಚೀಲದ ಗಂಟನ್ನು ಬಿಚ್ಚಿ ಕಟ್ಟಿದಳು, ಮತ್ತೆ ಬಿಚ್ಚಿದಳು.

"ಅಮ್ಮ, ಮಾವ ಪೂರ್ತಿ ವಾಸಿ ಆಗ್ಲಿ ಅಂತ ಹರಕೆ ಹೊತ್ತಿದ್ದೀಯಲ್ಲ, ನಿಜವಾಗ್ಲೂ ಅವನು ವಾಸಿ ಆಗ್ಬೇಕಾ ನಿಂಗೆ?"