ಟೆಂಪೋ ಏರಿದ ತೋಟ

ಗಂಗಾ ಯಾರ ಮನೆಗೆ ಹೋದರೂ ನೇರ ಒಳಗೆ ಕಾಲಿಡುತ್ತಿರಲಿಲ್ಲ. ಚಪ್ಪಲಿ ಕಾಲಲ್ಲೇ ಮನೆಗೊಂದು ಸುತ್ತು ಹಾಕಿ, ಹಿತ್ತಲಲ್ಲಿ ನಿಂತು ಕೂಗುತ್ತಿದ್ದಳು: "ನಿಮ್ಮ ಬಚ್ಚಲ ನೀರ ಎತ್ತಾಗ ಹೊಕ್ಕಾವ್ರಿ?" ಮ್ಹಾಪಸಾದಲ್ಲಿ ನಾನು ಹೊಲಿಗೆ ಅಂಗಡಿ ಹಾಕಿದ ದಿನವೂ ಅಷ್ಟೇ. ಪೂಜೆಗೆ ಬಂದವರೆಲ್ಲ ಪೇಢೆ ತಿನ್ನುತ್ತಿದ್ದರೆ ಇವಳು ಅಂಗಡಿಯ ಹಿಂದೆ ಗಟಾರದ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದರುತ್ತಿದ್ದಳು. ಈಗ ಅಲ್ಲಿ ಬಾಳೆ ಗೊನೆ ಬಿಡುತ್ತದೆ.

ಇವತ್ತು ಅವಳು ಹೆಸರು ಮಾಡಿದ ಲ್ಯಾಂಡ್‌ಸ್ಕೇಪ್ ಡಿಸೈನರ್. ನಾನು ಅವಳನ್ನು ಮೊದಲು ಕಂಡದ್ದು ಕಲಂಗುಟ್‌ನಲ್ಲಿ, ಒಂದು ಹೋಟೆಲು ಏಳುತ್ತಿದ್ದ ಜಾಗದಲ್ಲಿ. ಅವರ ಶೆಡ್ಡಿಗೂ ನಮ್ಮ ಶೆಡ್ಡಿಗೂ ನಡುವೆ ಒಂದೇ ತಗಡು. ಅವಳಪ್ಪ ಯಮನಪ್ಪ ಕಾಕಾ ಸಿಂದಗಿ ಕಡೆಯ ಗೌಂಡಿ. ಕೆಂಪುಕಲ್ಲಿನ ಗೋಡೆ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವ್ವ ಕಲ್ಲವ್ವ ಬುಟ್ಟಿ ಹೊರುತ್ತಿದ್ದಳು. ಕಟ್ಟಡ ಮುಗಿದರೆ ಎರಡೂ ಮನೆಯವರು ಶೆಡ್ಡು ಕಿತ್ತು ಒಟ್ಟಿಗೇ ಬೇರೆ ಕಡೆ ಹೋಗಬೇಕು. ಆ ಹೋಟೆಲು ಮುಗಿಯುವ ಹೊತ್ತಿಗೆ ಕಲ್ಲವ್ವ ತಗಡಿನ ಮೇಲೆ ಹಬ್ಬಿಸಿದ್ದ ಹೀರೆಬಳ್ಳಿ ತುಂಬಾ ಹೂ ಬಿಟ್ಟಿತ್ತು. ಜಾಗ ಖಾಲಿ ಮಾಡಲು ಹೇಳಿದರು. ಎಂದೂ ಕಣ್ಣೀರು ಹಾಕದ ಹೆಂಗಸು ಅಂದು ಬಳ್ಳಿ ಹಿಡಿದು ಅತ್ತಳು.

ಗಂಗಾ ಅಳಲಿಲ್ಲ. ಮುಂದಿನ ಜಾಗದಲ್ಲಿ ಅವಳು ಖಾಲಿ ಬಣ್ಣದ ಡಬ್ಬಿಗಳನ್ನು ಕೂಡಿಸಿ, ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮೆಣಸಿನ ಗಿಡ, ಬಸಳೆ, ದಾಸವಾಳ ಎಲ್ಲವನ್ನೂ ಅವುಗಳಲ್ಲೇ ಬೆಳೆಸಿದಳು. ಮತ್ತೆ ಹೊರಡುವ ದಿನ ಟೆಂಪೋದ ಮುಕ್ಕಾಲು ಭಾಗ ಗಿಡಗಳೇ.

"ಮೊದ್ಲ ಪಾತ್ರಿ ಏರ್ಸ, ಹುಚ್ಚವ್ವಾ!" ಎಂದು ಕಾಕಾ ಕೂಗಿದರು.

"ಪಾತ್ರಿ ಬಾಡೂದಿಲ್ಲಪ್ಪಾ," ಎಂದಳು ಗಂಗಾ.

ಹನ್ನೆರಡನೆಯ ತರಗತಿ ಮುಗಿಯುತ್ತಿದ್ದಂತೆ ಊರಿನ ಕಡೆಯ ನೆಂಟರು ಗಂಗಾಳನ್ನು ಸೊಸೆಯಾಗಿ ಕೇಳಿದರು. ಕಾಕಾ ಮಾತು ಕೊಟ್ಟುಬಿಟ್ಟರು. ಗಂಗಾ ತೋಟಗಾರಿಕೆ ಓದುತ್ತೇನೆಂದು ಹಟ ಹಿಡಿದು ಊಟ ಬಿಟ್ಟಳು. ಗಂಡನಿಗೆ ಎಂದೂ ಎದುರಾಡದ ಕಲ್ಲವ್ವ ಒಲೆಯ ಮುಂದೆ ಕೂತಲ್ಲಿಂದಲೇ ಹೇಳಿದ್ದು ತಗಡಿನಾಚೆ ನನಗೂ ಕೇಳಿಸಿತು.

"ಮಾತ ನೀವ್ ಕೊಟ್ಟೀರಿ. ನಾ ಕೊಟ್ಟಿಲ್ಲ."

ಮುಂದೊಂದು ಬೆಳಿಗ್ಗೆ ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು ಒಬ್ಬರೇ ಊರಿನ ಬಸ್ಸು ಹತ್ತಿದರು. ಮಾತಿಗೆ ತಪ್ಪದ ಮನುಷ್ಯ ಎಂದು ಊರಲ್ಲಿ ಅವರಿಗೆ ಹೆಸರಿತ್ತು. ಮರಳಿ ಬಂದಾಗ ಮುಖ ಬತ್ತಿತ್ತು. ಕೈಕಾಲು ತೊಳೆದು, ಮಗಳನ್ನು ಎದುರಿಗೆ ಕೂರಿಸಿಕೊಂಡರು.

"ನಾಕ್ ಮಂದ್ಯಾಗ ಬೈಸ್ಕೊಂಡ್ ಬಂದೇನಿ. ಇನ್ನ ನೀ ಓದು."

ಅವಳು ಓದಿದಳು. ಬೆಳಿಗ್ಗೆ ನರ್ಸರಿಯಲ್ಲಿ ಕೆಲಸ, ಮಧ್ಯಾಹ್ನ ಕಾಲೇಜು. ಮುಂದೆ ಫಾತೋರ್ಡಾದ ಒಂದು ದೊಡ್ಡ ವಸತಿ ಸಂಕೀರ್ಣದ ತೋಟ ಅವಳ ಕೈಗೆ ಬಂತು. ಕಲ್ಲಿನ ಕಟ್ಟೆಗಳನ್ನು ಕಟ್ಟಲು ಅಪ್ಪನನ್ನೇ ಕರೆದಳು. ನಕಾಶೆ ಹಿಡಿದು ಅವಳು ತೋರಿಸುವಾಗ ಕಾಕಾ "ಹೌದ್ರಿ ಮೇಡಂ" ಎನ್ನುತ್ತಿದ್ದರು. ತಮಾಷೆಗೆಂದು ಶುರುವಾದದ್ದು, ಹೇಳುತ್ತ ಹೇಳುತ್ತ ಅವರಿಗೇ ರುಚಿ ಹತ್ತಿತು. ಉದ್ಘಾಟನೆಯ ದಿನ ಗಂಗಾ ಮಾಲೀಕರ ಸಾಲಿನಲ್ಲಿ ಕೂರಲಿಲ್ಲ. ಅಪ್ಪ ಅವ್ವನನ್ನು ಕರೆದುಕೊಂಡು ತೋಟವೆಲ್ಲ ಸುತ್ತಿದಳು. ಕಲ್ಲವ್ವ ಹೊಸ ರೇಷ್ಮೆ ಸೀರೆಯ ಸೆರಗಿನಿಂದ ಕಟ್ಟೆಯ ಧೂಳು ಒರೆಸಿ, ಯಾರ ಅಪ್ಪಣೆಯನ್ನೂ ಕೇಳದೆ ಅದರ ಮೇಲೆ ಕೂತಳು.

ನಾನು ಗಂಗಾಳನ್ನು ಕೊನೆಗೆ ಕಂಡದ್ದು ಹೋದ ವರ್ಷ, ಮಡಗಾಂವ್ ಸ್ಟೇಷನ್ನಿನಲ್ಲಿ. ಭೋಪಾಲದಲ್ಲಿ ದೊಡ್ಡ ಆಸ್ಪತ್ರೆಯೊಂದರ ತೋಟದ ಕೆಲಸ ಸಿಕ್ಕಿತ್ತು. ಇನ್ನೂ ಅಲ್ಲೇ ಇದ್ದಾಳೆ. ಗಾಡಿ ತುಂಬಿತ್ತು. ಅವಳ ಸೀಟಿನಲ್ಲಿ ಒಬ್ಬರು ಕಾಲು ಚಾಚಿ ಮಲಗಿದ್ದರು. ಮಗಳನ್ನು ಒಂದು ದಿನವೂ ಎದುರಿಗೆ ಹೊಗಳದ ಯಮನಪ್ಪ ಕಾಕಾ ಕಿಟಕಿಯ ಸರಳು ಹಿಡಿದು, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಹೇಳಿದರು:

"ಏಳ್ರಿ ಸಾಹೇಬ್ರ, ಜರಾ ಜಾಗಾ ಬಿಡ್ರಿ. ನಮ್ಮ ಹುಡಿಗಿ ತ್ವಾಟದ ಇಂಜಿನಿಯರ್ ಅದಾಳ!"

ಕನ್ನಡ ತಿಳಿಯದ ಆ ಪ್ರಯಾಣಿಕರು ಧಡಕ್ಕನೆ ಎದ್ದು ಕೂತರು. ಗಂಗಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. ಗಾಡಿ ಹೊರಟಿತು.